ದುಡಿಯುತ್ತಿದ್ದಳು

ಗ್ಯಾನಪ್ಪನಿಗೆ ಸ್ಪ್ಯಾನಿಷ್ ಭಾಷೆಯ ವರ್ತಮಾನ ಕಾಲ ಬರುತ್ತಿರಲಿಲ್ಲ. ಭವಿಷ್ಯ ಕಾಲವೂ ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ, ಹಿಂದೆ ನಡೆಯುತ್ತಿದ್ದುದನ್ನು ಹೇಳುವ ಕಾಲ. ಮಾಡಿದೆ ಎನ್ನುವುದಲ್ಲ, ಮಾಡುತ್ತಿದ್ದೆ ಎನ್ನುವುದು.

ಅವನು ಲಿಂಗಸುಗೂರಿನ ಹಾಸ್ಟೆಲೊಂದರಲ್ಲಿದ್ದು ಪಿಯುಸಿ ಓದುವಾಗ ಅಲ್ಲಿಯ ಲೈಬ್ರರಿಗೆ ಒಂದು ಪೆಟ್ಟಿಗೆ ಪುಸ್ತಕ ಬಂದಿದ್ದವು. ಗಣಿ ಕೆಲಸಕ್ಕೆ ಬಂದಿದ್ದ ಯಾರೋ ಪರದೇಶದ ಎಂಜಿನಿಯರ್ ಹೋಗುವಾಗ ಬಿಟ್ಟು ಹೋದವು. ಅದರಲ್ಲಿದ್ದ ದಪ್ಪ ನಿಘಂಟನ್ನು ಗುಮಾಸ್ತ ಕರಿಬಸಯ್ಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಇಂಗ್ಲಿಷಿನಿಂದ ಸ್ಪ್ಯಾನಿಷ್ ಕಲಿಸುವ ಇನ್ನೊಂದು ಪುಸ್ತಕವನ್ನು ಹಿಂದೆ ಮುಂದೆ ಇಲಿ ತಿಂದಿತ್ತು. ಉಳಿದದ್ದು ನಡುವಿನ ಹನ್ನೊಂದು ಹಾಳೆ, ಒಂದು ಪಾಠ. ಯಾರಿಗೂ ಬೇಡವಾದ ಅದನ್ನು ಗ್ಯಾನಪ್ಪ ತೆಗೆದುಕೊಂಡ. 1986ರಲ್ಲಿ ಫೇಲಾಗಿ ವಳಕಮದಿನ್ನಿಗೆ ಮರಳಿದಾಗ ಟ್ರಂಕಿನಲ್ಲಿ ಆ ಹಾಳೆಗಳೂ ಬಂದವು.

ಪಾಠ ಸರಳವಾಗಿತ್ತು. ನಿಯಮ ತಪ್ಪದ ಒಂದು ಕ್ರಿಯಾಪದ ತಗೊ. ಅದರ ಕೊನೆಯ ಎರಡಕ್ಷರ ಕತ್ತರಿಸು. ಅಲ್ಲಿ ನಾನು, ನೀನು, ಅವನು, ನಾವು, ನೀವು, ಅವರು ಎಂಬ ಆರಕ್ಕೆ ಆರು ಬಾಲ ಹಚ್ಚು. ಪುಸ್ತಕದ ಕ್ರಿಯಾಪದ ದುಡಿ ಎಂಬ ಅರ್ಥದ್ದು. ಉಚ್ಚಾರ ಹೇಳುವ ಪುಟ ಇಲಿಯ ಹೊಟ್ಟೆ ಸೇರಿದ್ದರಿಂದ ಅವನು ಕಣ್ಣಿಗೆ ಕಂಡಂತೆ ಓದುತ್ತಿದ್ದ. ತ್ರಬಜಾಬ, ತ್ರಬಜಾಬಸ್, ತ್ರಬಜಾಬ, ತ್ರಬಜಾಬಮೋಸ್, ತ್ರಬಜಾಬಾಯಿಸ್, ತ್ರಬಜಾಬನ್.

ಊರಲ್ಲಿ ಅವನಿಗೆ ಸಿಕ್ಕ ಕೆಲಸ ಪಂಪಿನದು. ಬೆನ್ನಿಗೆ ಪಂಪು ಕಟ್ಟಿಕೊಂಡು ಭತ್ತಕ್ಕೆ ಔಷಧ ಹೊಡೆಯುವ ಗುಂಪು ಅದು, ಮೇಸ್ತ್ರಿ ದಾದೇಸಾಬ. ಗ್ಯಾನಪ್ಪನ ಜೊತೆ ಹೊಡೆಯುತ್ತಿದ್ದವನು ಗೆಳೆಯ ಯಮನೂರಪ್ಪ. ಯಮನೂರಪ್ಪನ ಹೆಂಡತಿ ಗದ್ದೆಮ್ಮ ಕಾಲುವೆಯಿಂದ ನೀರು ಹೊತ್ತು ತಂದು ಪಂಪಿಗೆ ಹಾಕುತ್ತಿದ್ದಳು. ಬುತ್ತಿ ಬಿಚ್ಚಿದಾಗ ಗ್ಯಾನಪ್ಪನ ಪಾಠ ಅವರಿಗೆಲ್ಲ ತಮಾಷೆ.

"ನಾ ದುಡೀತಿದ್ನಿ, ತ್ರಬಜಾಬ. ನೀ ದುಡೀತಿದ್ದಿ, ತ್ರಬಜಾಬಸ್. ಅದು ಯಮನೂರಂದು. ಅಕಿ ದುಡೀತಿದ್ಲು, ತ್ರಬಜಾಬ. ಅದು ಗದ್ದೆಮ್ಮಕ್ಕಂದು."

"ನಿನಗೂ ನನಗೂ ಒಂದ ಮಾತೇನೋ ತಮ್ಮಾ?" ಗದ್ದೆಮ್ಮ ಕೇಳಿದಳು. "ನಾ ಇಪ್ಪತ್ತು ಕೊಡ ಹೊರ್ತೀನಿ, ನೀ ಎರಡು ಪಂಪ್ ಹೊಡದು ಕುಂದರ್ತಿ."

"ಅವರ ಭಾಷಾದಾಗ ಹಂಗ ಐತಿ ಯಕ್ಕಾ. ಹೆಸರು ಹೇಳಿದ್ರಷ್ಟ ಯಾರಂತ ತಿಳೀತೈತಿ."

"ಅವರು ದುಡೀತಿದ್ರು ಅನ್ನೋದು ಯಾರಿಗಲೇ?" ಯಮನೂರಪ್ಪ ಕೇಳಿದ.

"ಹೊಲದವರಿಗೆ."

"ಅವರೆಲ್ಲಿ ದುಡೀತಾರೋ ಮಂಗ್ಯಾ!"

"ಹಂಗಾದ್ರ ಮುಂದ ನೋ ಹಚ್ಚು. ನೋ ತ್ರಬಜಾಬನ್. ಅವರು ದುಡೀತಿರಲಿಲ್ಲ."

ಗುಂಪು ನಕ್ಕಿತು. ಗದ್ದೆಮ್ಮನಿಗೆ ಆ ಒಂದು ಮಾತು ಬಾಯಿಗೆ ಬಂತು. ಹೊಲದ ಯಜಮಾನ ಮೋಟಾರ್ ಸೈಕಲ್ ಮೇಲೆ ಬದುವಿನ ಪಕ್ಕ ಹೋದಾಗೆಲ್ಲ ಕೊಡ ಹೊತ್ತೇ "ನೋ ತ್ರಬಜಾಬನ್!" ಎಂದು ಕೂಗುತ್ತಿದ್ದಳು. ಅವನು ನಮಸ್ಕಾರ ಎಂದುಕೊಂಡು ತಲೆ ಆಡಿಸುತ್ತಿದ್ದ. ನೋ ಎಂದರೆ ಇಲ್ಲ ಎಂದು ವಳಕಮದಿನ್ನಿಯ ಪಂಪಿನವರಿಗೆಲ್ಲ ಗೊತ್ತಿತ್ತು.

1989ರ ಮಳೆಗಾಲದ ಭತ್ತಕ್ಕೆ ಜಿಗಿಹುಳ ಬಿತ್ತು. ಹಳೆಯ ಔಷಧಕ್ಕೆ ಹುಳ ಸಾಯಲಿಲ್ಲ. ಸಿಂಧನೂರಿನಲ್ಲಿ ಔಷಧದ ಅಂಗಡಿ ಇಟ್ಟಿದ್ದ ಅಮರಗುಂಡಪ್ಪ ಮುಂಬಯಿಯಿಂದ ಹೊಸ ಸರಕು ತರಿಸಿದ. ಐದೈದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು, ಇಪ್ಪತ್ತನಾಲ್ಕು. ದಪ್ಪ ಹಿಡಿಕೆ, ಬಿಗಿ ಮುಚ್ಚಳ. ಬೇರೆ ಯಾವುದೋ ದೇಶಕ್ಕೆ ಹೋಗಬೇಕಾದದ್ದು ಹಡಗುಕಟ್ಟೆಯಲ್ಲಿ ಉಳಿದು ಸೋವಿಗೆ ಸಿಕ್ಕಿತ್ತು. ಮೇಲೆ ತಲೆಬುರುಡೆಯ ಚಿತ್ರವಿತ್ತು, ಅದು ಎಲ್ಲ ಔಷಧದ ಮೇಲೂ ಇರುತ್ತಿತ್ತು. ಅದರ ಕೆಳಗೆ ಯಾರಿಗೂ ತಿಳಿಯದ ಬರಹ.

ಗ್ಯಾನಪ್ಪನ ವಿದ್ಯೆಯ ಸುದ್ದಿ ಸಿಂಧನೂರಿನವರೆಗೂ ಹೋಗಿತ್ತು. ಅಮರಗುಂಡಪ್ಪ ಹೇಳಿ ಕಳಿಸಿದ.

"ಇದು ಅದ ಭಾಷಾ ಹೌದಲ್ಲೋ?"

ಗ್ಯಾನಪ್ಪ ಕ್ಯಾನು ತಿರುಗಿಸಿದ. ಒಂದು ಸಾಲಿನ ಕೊನೆಯಲ್ಲಿ ತ್ರಬಜೋ ಎಂದಿತ್ತು. ಮೂರು ವರ್ಷ ಬಾಯಿಪಾಠ ಮಾಡಿದ ಕ್ರಿಯಾಪದದ ತಲೆ.

"ಹೌದ್ರಿ ಸಾವ್ಕಾರ್ರ, ಅದ."

"ಬರೋಬ್ಬರಿ ಆತು. ಕನ್ನಡದಾಗ ಒಂದೊಂದು ಚೀಟಿ ಬರದು ಕ್ಯಾನಿಗೆ ಅಂಟಸು. ಸಂಜೀತನಕ ಮುಗೀಬೇಕು. ನಾಳಿಂದ ನೀ ಪಂಪ್ ಹೊರೋದು ಬ್ಯಾಡ, ಇಲ್ಲೇ ರೊಕ್ಕದ ಗಲ್ಲೇದ ಮಗ್ಗಲಾ ಕುಂದ್ರು. ಓದಿದ ಮನಶಾ ಬೇಕಾಗ್ಯಾನ ನನಗ."

ಪಂಪು ಹೊತ್ತು ಹೊತ್ತು ಗ್ಯಾನಪ್ಪನ ಬೆನ್ನಿನ ಚರ್ಮ ಎರಡು ಕಡೆ ಸುಟ್ಟ ಹಾಗೆ ಕಪ್ಪಾಗಿತ್ತು. ಅವನು ಹಾಳೆ ತೆಗೆದುಕೊಂಡು ಕುಳಿತ.

ತ್ರಬಜೋ ಬಿಟ್ಟರೆ ಅವನಿಗೆ ಗುರುತು ಸಿಕ್ಕಿದ್ದು ಇನ್ನೊಂದೇ ಮಾತು. ಎಲ್ಲಕ್ಕಿಂತ ಕೆಳಗೆ, ದಪ್ಪ ಅಕ್ಷರದ ಸಾಲು. ಅದು ನೋ ಎಂದು ಶುರುವಾಗುತ್ತಿತ್ತು. ಏನನ್ನೋ ಬೇಡ ಎನ್ನುತ್ತಿದೆ ಎಂದು ಅವನಿಗೆ ತಿಳಿಯಿತು. ಏನನ್ನು ಎಂದು ತಿಳಿಯಲಿಲ್ಲ. ನಿಘಂಟು ಲಿಂಗಸುಗೂರಿನ ಗಾಜಿನ ಕಪಾಟಿನಲ್ಲಿತ್ತು. ಮಸ್ಕಿ ಮೇಲೆ ಬಸ್ಸಿನಲ್ಲಿ ಹೋಗಿ ಬಂದರೆ ಒಂದು ದಿನ. ಅಮರಗುಂಡಪ್ಪ ಕೊಟ್ಟಿದ್ದು ಸಂಜೆಯ ತನಕ. ಒಂದು ದಿನ ಬೇಕು ಎಂದರೆ ತನಗೆ ಭಾಷೆ ಬರುವುದಿಲ್ಲ ಎಂದು ಸಾವ್ಕಾರನಿಗೆ ತಿಳಿಯುತ್ತದೆ. ತಿಳಿದರೆ ಮತ್ತೆ ಪಂಪು.

ಹಳೆಯ ಔಷಧದ ಚೀಟಿಯಲ್ಲಿದ್ದ ಅಳತೆಯನ್ನೇ ಅವನು ಬರೆದ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದು ಬರೆದ. ಗಾಳಿಗೆ ಎದುರಾಗಿ ಹೊಡೆಯಬೇಡಿ ಎಂದು ಬರೆದ. ಅಮರಗುಂಡಪ್ಪ ಹಿಂದೆ ಬಂದು ನಿಂತು ಓದಿದ.

"ಕ್ಯಾನಿಂದೂ ಬರಿ. ಔಷಧ ನೋಡಿ ಅಲ್ಲ, ಕ್ಯಾನ್ ನೋಡೇ ಒಯ್ತಾರ ಅವರು."

ಅದು ನಿಜ. ಆ ಸೀಮೆಯಲ್ಲಿ ಖಾಲಿ ಡಬ್ಬಿ ಪಂಪಿನವರದು. ಹೊಲದವರು ಕೇಳುವಂತಿಲ್ಲ. ಗುಂಪಿನಲ್ಲಿ ಪಾಳಿ ಹಚ್ಚಿ ಒಬ್ಬೊಬ್ಬರು ಒಯ್ಯುತ್ತಿದ್ದರು. ಬೂದಿ ಹಾಕಿ ಕಾಲುವೆಯಲ್ಲಿ ಮೂರು ಸಲ ತಿಕ್ಕುವುದು, ಬಿಸಿಲಿಗಿಡುವುದು, ಕೊನೆಗೆ ಮೇಸ್ತ್ರಿ ಮೂಗಿಟ್ಟು ಮೂಸುವುದು. ಮೇಸ್ತ್ರಿ ಹೂಂ ಎಂದರೆ ಡಬ್ಬಿ ಮನೆಗೆ ಹೋಗುತ್ತಿತ್ತು. ಒಳ್ಳೆಯ ಡಬ್ಬಿ ಬರುವ ಔಷಧವನ್ನೇ ತರಿಸಿರೆಂದು ಪಂಪಿನವರು ಹೊಲದವರ ಬೆನ್ನು ಹತ್ತುತ್ತಿದ್ದರು.

ಗ್ಯಾನಪ್ಪ ದಪ್ಪ ಅಕ್ಷರದ ಸಾಲನ್ನು ಇನ್ನೊಮ್ಮೆ ನೋಡಿದ. ನಂತರ ಬರೆದ: "ಖಾಲಿ ಕ್ಯಾನನ್ನು ಮೂರು ಸಲ ತೊಳೆದು ಬಳಸಬಹುದು." ಕಾರ್ಬನ್ ಇಟ್ಟು ಇಪ್ಪತ್ತನಾಲ್ಕು ಚೀಟಿ. ಸಂಜೆಗೆ ಮುಗಿಯಿತು.

ಹದಿನೈದು ದಿನದಲ್ಲಿ ಕ್ಯಾನು ಖರ್ಚಾದವು. ವಳಕಮದಿನ್ನಿಗೆ ಒಂಬತ್ತು, ಬಳಗಾನೂರಿಗೆ ಎಂಟು, ಮಸ್ಕಿಗೆ ನಾಲ್ಕು, ಸಂತೆಕಲ್ಲೂರಿನ ತೊಗರಿಗೆ ಮೂರು. ಜಿಗಿಹುಳ ಸತ್ತಿತು. ಅಮರಗುಂಡಪ್ಪ ಗ್ಯಾನಪ್ಪನಿಗೆ ಒಂದು ಬಿಳಿ ಅಂಗಿ ಹೊಲಿಸಿಕೊಟ್ಟ.

ಯಮನೂರಪ್ಪನ ಪಾಳಿ ಬಂದಾಗ ಅವನಿಗೂ ಒಂದು ಕ್ಯಾನು ಬಂತು. ದಾದೇಸಾಬ ಅದನ್ನು ಮೂಸಿ ಹುಬ್ಬು ಗಂಟು ಹಾಕಿದ.

"ಇದಕ್ಕ ವಾಸನೀನ ಇಲ್ಲಲೇ. ತುಂಬಿದಾಗೂ ಇದ್ದಿದ್ದಿಲ್ಲ."

"ಒಳ್ಳೇದಾತಲ್ಲ ಮೇಸ್ತ್ರಿ."

"ಏನ್ ಒಳ್ಳೇದು? ಮೂಸಾಕ ಏನೂ ಇಲ್ಲ ಅಂದ್ರ ನಾ ಏನಂತ ಹೇಳಲಿ? ಚೀಟಿ ಬರದವನ್ನ ಕೇಳ್ರಿ."

ಗದ್ದೆಮ್ಮ ಕೇಳಲು ಬಂದಳು. ಸಿಂಧನೂರಿನ ಸಂತೆಯ ದಿನ, ಮಗಳು ಕಸ್ತೂರೆಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. ಹುಡುಗಿಗೆ ಆರು ವರ್ಷ, ನಡೆಯುವ ವಯಸ್ಸು, ಆದರೆ ಇಳಿಯುತ್ತಿರಲಿಲ್ಲ. ಗದ್ದೆಮ್ಮ ಅಂಗಡಿಯ ಮುಂದೆ ನಿಂತು ಗ್ಯಾನಪ್ಪನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ನೋ ತ್ರಬಜಾಬನ್ ಆದೆಲ್ಲೋ ತಮ್ಮಾ ನೀನೂ!"

ಅವನು ನಕ್ಕ.

"ಹೌದೋ, ಆ ಕ್ಯಾನಿನ್ಯಾಗ ನೀರು ತುಂಬಾಕತ್ತೀನಿ. ಏನೂ ಆಗಿಲ್ಲ. ಹಬ್ಬಕ್ಕ ಕುಸುಬಿ ಗಾಣಕ್ಕ ಹಾಕಸ್ತೀನಿ. ಅಡಿಗಿ ಎಣ್ಣಿ ಹಾಕಿಟ್ರ ನಡೀತೈತೇನು? ಏನಂತ ಬರದಾರ ಅದರಾಗ?"

ಒಳಗಿನಿಂದ ಅಮರಗುಂಡಪ್ಪ ತಲೆಯೆತ್ತಿದ. ಗ್ಯಾನಪ್ಪ ಹೇಳಿದ: "ನಡೀತೈತಿ ಯಕ್ಕಾ. ತೊಳದು ಬಳಸ್ರಿ ಅಂತ ಬರದೈತಿ."

"ಅಷ್ಟ ಸಾಕು," ಎಂದು ಅವಳು ಹೋದಳು. ಆ ರಾತ್ರಿ ಅವನು ಉಂಡ, ಮಲಗಿದ, ನಿದ್ದೆಯೂ ಬಂತು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಗದ್ದೆಮ್ಮ ಗಾಣದಿಂದ ಎಣ್ಣೆ ತಂದು ಕ್ಯಾನಿಗೆ ಹಾಕಿದಳು. ಕತ್ತಿನ ತನಕ ತುಂಬಿತು. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಯಮನೂರಪ್ಪ ಹೊಲಕ್ಕೆ ಹೋದ ಮೇಲೆ, ಮಂಡಕ್ಕಿ ಒಗ್ಗರಣೆ ಮಾಡಿದಳು. ಮಗಳು ಮೊದಲು ತಿಂದಳು, ಕಹಿ ಎಂದಳು. ಹಟ ಮಾಡುತ್ತಾಳೆ ಎಂದು ತಾಯಿ ಇನ್ನೆರಡು ತುತ್ತು ತಿನ್ನಿಸಿ ತಾನೂ ತಿಂದಳು. ಉಳಿದದ್ದನ್ನು ಕೋಳಿಗೆ ಹಾಕಿದಳು.

ಕೋಳಿ ಅಂಗಳದಲ್ಲಿ ಸುತ್ತು ತಿರುಗುವುದನ್ನು ಪಕ್ಕದ ಮನೆಯವರು ಮೊದಲು ನೋಡಿದರು. ದಾದೇಸಾಬ ಓಡಿ ಬಂದಾಗ ಹುಡುಗಿಯ ಬಾಯಲ್ಲಿ ನೊರೆ ಇತ್ತು. ಅವನು ರೆಪ್ಪೆ ಎತ್ತಿದ. ಕಣ್ಣಿನ ಕರಿ ಬೊಟ್ಟು ಸೂಜಿಯ ಮೊನೆಯಷ್ಟಾಗಿತ್ತು. ಔಷಧ ಮೈಗೇರಿದೆ ಎನ್ನಲು ಮೂವತ್ತು ವರ್ಷ ಪಂಪು ಹೊತ್ತವನಿಗೆ ಬೇರೆ ಗುರುತು ಬೇಕಿರಲಿಲ್ಲ. ಟ್ರಾಕ್ಟರಿನ ಟ್ರಾಲಿಯಲ್ಲಿ ಹಾಕಿಕೊಂಡು ಸಿಂಧನೂರಿಗೆ ಹೊರಟರು. ಹುಡುಗಿ ಕಾಲುವೆ ದಾಟುವ ಮೊದಲು ಹೋದಳು. ಗದ್ದೆಮ್ಮ ಆಸ್ಪತ್ರೆಯ ತನಕ ಇದ್ದಳು, ಮಧ್ಯಾಹ್ನದ ತನಕ ಇದ್ದಳು.

ದಾದೇಸಾಬ ಕ್ಯಾನನ್ನು ಅಂಗಡಿಗೆ ತಂದ. ಎಣ್ಣೆ ಚೆಲ್ಲಿ, ಕುಡುಗೋಲಿನಿಂದ ಹಿಡಿಕೆಯನ್ನು ಕತ್ತರಿಸಿ ಗ್ಯಾನಪ್ಪನ ಮುಂದಿಟ್ಟ. ಹಿಡಿಕೆ ಒಳಗೆ ಪೊಳ್ಳು. ಪೊಳ್ಳಿನೊಳಗೆ ಕಂದು ಬಣ್ಣದ ಜಿಗುಟು ಪದರು ಕೂತಿತ್ತು. ನೀರಿಗೆ ಅದು ಬಿಟ್ಟಿರಲಿಲ್ಲ. ಎಣ್ಣೆಗೆ ಬಿಟ್ಟಿತ್ತು.

"ಇಲ್ಲಿ ಕೈನೂ ಹೋಗಂಗಿಲ್ಲ, ಬೂದಿನೂ ಹೋಗಂಗಿಲ್ಲ," ಎಂದ ದಾದೇಸಾಬ. "ಖರೇ ಹೇಳು, ತೊಳದು ಬಳಸ್ರಿ ಅಂತ ಬರದೈತೇನು ಇದರಾಗ?"

ಉತ್ತರ ಕೊಟ್ಟವನು ಅಮರಗುಂಡಪ್ಪ: "ಅಕ್ಷರ ಅವಂದು. ನನಗ ಆ ಭಾಷಾ ಬರಂಗಿಲ್ಲಪ್ಪ."

ಮರುದಿನ ಮೊದಲ ಬಸ್ಸಿಗೆ ಗ್ಯಾನಪ್ಪ ಲಿಂಗಸುಗೂರಿಗೆ ಹೋದ. ಕ್ಯಾನಿನ ಮೇಲಿನ ಬರಹವನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಹಾಸ್ಟೆಲಿನಲ್ಲಿ ಕರಿಬಸಯ್ಯ ಅದೇ ಕುರ್ಚಿಯಲ್ಲಿ ಕುಳಿತಿದ್ದ. ಗುರುತು ಹಿಡಿದ.

"ಏನಪ್ಪ, ಮತ್ತ ಪರೀಕ್ಷಾ ಕಟ್ಟೀಯೇನು?"

"ನಿಘಂಟು ಬೇಕಿತ್ರಿ. ಕಪಾಟದಾಗಿಂದು."

"ಅದಾ? ಐದು ವರ್ಷಾತು, ಯಾರೂ ಕೇಳೇ ಇಲ್ಲ ನೋಡು," ಎಂದು ಕರಿಬಸಯ್ಯ ಬೀಗ ತೆಗೆದ. "ಕೇಳಿದ್ರ ಆಗಾನ ಕೊಡ್ತಿದ್ನಲ್ಲೋ."

ಅರ್ಧ ಗಂಟೆ ಸಾಕಾಯಿತು. ತ್ರಬಜೋ ಇದ್ದ ಸಾಲು ಬಟ್ಟೆಯದು. ಕೆಲಸದ ಬಟ್ಟೆಯನ್ನು ಬೇರೆಯಾಗಿ ತೊಳೆಯಿರಿ. ನೋ ಎಂದು ಶುರುವಾಗುವ ಸಾಲಿನಲ್ಲಿ ಐದು ಮಾತು ಹುಡುಕಬೇಕಿತ್ತು. ಒಂದೊಂದನ್ನೂ ಹುಡುಕಿ ಅರ್ಥ ಬರೆದುಕೊಂಡ. ಖಾಲಿ ಪಾತ್ರೆಯನ್ನು ತೊಳೆದರೂ ಮತ್ತೆ ಬಳಸಬೇಡಿ. ಒಡೆದು ಹೂಳಿರಿ. ಅಳತೆಯೂ ತಪ್ಪಾಗಿತ್ತು. ಅವನು ಬರೆದದ್ದರಲ್ಲಿ ಕಾಲು ಭಾಗ ಸಾಕಿತ್ತು.

ಅದೇ ಬಸ್ಸಿಗೆ ಅವನು ವಳಕಮದಿನ್ನಿಗೆ ಮರಳಿದ. ಯಮನೂರಪ್ಪ ಮನೆಯ ಮುಂದೆ ಕಲ್ಲಿನ ಮೇಲೆ ಕುಳಿತಿದ್ದ. ಮಣ್ಣು ಮಾಡಿ ಬಂದ ಮೇಲೆ ತಲೆ ಬೋಳಿಸಿಕೊಂಡು ನೀರು ಹಾಕಿಕೊಂಡಿದ್ದ, ಒರೆಸಿಕೊಂಡಿರಲಿಲ್ಲ. ಗ್ಯಾನಪ್ಪ ನಿಘಂಟು ನೋಡಿ ಬರೆದುಕೊಂಡದ್ದನ್ನು ಓದಿದ. ನೋ ಎಂಬುದು ಮೊದಲೇ ಕಣ್ಣಿಗೆ ಬಿದ್ದಿತ್ತು ಎಂಬುದನ್ನೂ ಹೇಳಿದ.

ಯಮನೂರಪ್ಪ ಎದ್ದು ಅವನ ಕಪಾಳಕ್ಕೆ ಹೊಡೆದ. ಒಂದೇ ಏಟು. ಮತ್ತೆ ಕುಳಿತ.

"ಎಷ್ಟು ಕ್ಯಾನು ಹೋಗ್ಯಾವ?"

"ಇಪ್ಪತ್ನಾಕು."

"ಹಬ್ಬ ನಾಳಿಗೈತಿ. ಎಲ್ಲರೂ ಎಣ್ಣಿ ಹಾಕ್ತಾರ." ಯಮನೂರಪ್ಪ ಒಳಗೆ ಹೋಗಿ ಕೊಡಲಿ ತಂದ. "ನಡಿ."

ವಳಕಮದಿನ್ನಿಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಊರಿನವರು ಹೆಣ ನೋಡಿದ್ದರು, ಕ್ಯಾನನ್ನು ತಾವೇ ತಂದು ಮುಂದೆ ಎಸೆದರು. ಒಂದು ಮಾತ್ರ ಸಿಗಲಿಲ್ಲ. ಹೊರಗಿನ ಊರುಗಳಲ್ಲಿ ಹಾಗಾಗಲಿಲ್ಲ. ಬಳಗಾನೂರಿನ ಪಂಪಿನವರು ಸುತ್ತ ನಿಂತರು.

"ತೊಳದು ಬಳಸ್ರಿ ಅಂತ ಬರದಾಂವ ನೀನ. ಈಗ ಒಡೀರಿ ಅನ್ನಾಂವನೂ ನೀನ. ಯಾವ ಗ್ಯಾನಪ್ಪನ್ನ ನಂಬೂನು ನಾವು?"

"ತಿಂಗಳಾತು ನೀರು ಕುಡ್ಯಾಕತ್ತು. ನಮಗೇನಾಗೈತಿ? ಗುಂಡಕಲ್ಲ ಇದ್ದಂಗ ಅದೀವಿ."

"ಸಾವ್ಕಾರನ ಕಳಿಸ್ಯಾನೋ ಏನೋ. ಖಾಲಿ ಕ್ಯಾನ್ ವಾಪಸ್ ಒಯ್ದು ಮತ್ತ ಮಾರಾಕ."

ಗ್ಯಾನಪ್ಪ ಹೇಳಿದ್ದನ್ನೇ ಹೇಳಿದ. ತನಗೆ ಭಾಷೆ ಬರುತ್ತಿರಲಿಲ್ಲ, ಬರುತ್ತದೆ ಎಂದು ಸುಳ್ಳು ಹೇಳಿದೆ. ಅವರು ನಕ್ಕರು. ಆಗ ಯಮನೂರಪ್ಪ ಮುಂದೆ ಬಂದ. ಬೋಳಿಸಿದ ತಲೆ, ಕೈಯಲ್ಲಿ ಕೊಡಲಿ.

"ನನ್ನ ಹೆಂಡ್ತಿ ಮಗಳು ಇವತ್ತ ಮಣ್ಣಾದ್ರು. ಇದ ಕ್ಯಾನು. ನಿಮ್ಮ ಮನೀದು ತರ್ರಿ, ಒಡೀತೀನಿ."

ನಗು ನಿಂತಿತು. ಕೆಲವರು ಮನೆಗೆ ಹೋದರು. ಕೆಲವರು ಸುಮ್ಮನೆ ದೂರ ಸರಿದರು. ಐದು ಕ್ಯಾನು ಬಂದವು. ಐದನೆಯದನ್ನು ತಂದವನು ಅದೇ ಊರಿನ ಮೈಮುನಾಬಿ ಎಂಬವಳ ಮಗ. ಕ್ಯಾನಿನಲ್ಲಿ ಅರ್ಧ ಎಣ್ಣೆ ಇತ್ತು.

"ಅವ್ವ ಮೊನ್ನೆ ಹೋದ್ಲು. ವಾಂತಿ ಭೇದಿ ಅಂದ್ಕೊಂಡಿದ್ವಿ," ಎಂದ ಅವನು. ಕ್ಯಾನನ್ನು ನೆಲಕ್ಕಿಟ್ಟ. ಕೊಡಲಿಗೆ ತಾನೇ ಕೈ ಚಾಚಿದ.

ಉಳಿದ ಮೂರು ಬಳಗಾನೂರಿನಲ್ಲಿ ಸಿಗಲಿಲ್ಲ. ಇಲ್ಲ ಎಂದರು, ಕಳೆದಿದೆ ಎಂದರು, ತವರಿಗೆ ಒಯ್ದಿದ್ದಾಳೆ ಎಂದರು. ಒಂದು ಮನೆಯ ಬಾಗಿಲು ತೆರೆಯಲೇ ಇಲ್ಲ. ಒಳಗೆ ಏನೋ ಕರಿಯುವ ಸದ್ದು ಬರುತ್ತಿತ್ತು. ಯಮನೂರಪ್ಪ ಕೊಡಲಿಯ ಕಾವಿನಿಂದ ಬಾಗಿಲು ಬಡಿದ. ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ.

ಹಬ್ಬದ ದಿನ ಅವರು ಮಸ್ಕಿಯಲ್ಲಿದ್ದರು. ಅಲ್ಲಿ ಹೊಟ್ಟೆ ಉಬ್ಬಿದ ಎಮ್ಮೆಗೆ ಒಬ್ಬ ಕ್ಯಾನಿನಿಂದಲೇ ಎಣ್ಣೆ ಕುಡಿಸಿದ್ದ. ಎಮ್ಮೆ ಸತ್ತಿದ್ದಕ್ಕೆ ಪಕ್ಕದವರ ಕಣ್ಣು ಕಾರಣ ಎಂದು ಬೈಯುತ್ತಿದ್ದ. ನಾಲ್ಕರಲ್ಲಿ ಎರಡು ಸಿಕ್ಕವು. ಇನ್ನೆರಡು ಸಂತೆಯಲ್ಲಿ ಕೈ ಬದಲಿಸಿದ್ದವು, ಯಾವ ಊರಿಗೆ ಹೋದವೆಂದು ಯಾರೂ ಹೇಳಲಿಲ್ಲ. ಮರುದಿನ ಸಂತೆಕಲ್ಲೂರಿನಲ್ಲಿ ಮೂರೂ ಸಿಕ್ಕವು. ಅಲ್ಲಿಯವರು ಅದರಲ್ಲಿ ಬಿತ್ತನೆಯ ಜೋಳ ಇಟ್ಟಿದ್ದರು. ಜೋಳವನ್ನೂ ಕ್ಯಾನನ್ನೂ ಒಂದೇ ಗುಂಡಿಯಲ್ಲಿ ಹೂಳಿದರು.

ಗುಂಡಿ ಮುಚ್ಚಿ ಮುಗಿದ ಮೇಲೆ ಇಬ್ಬರೂ ಬಸ್ಸಿಗಾಗಿ ರಸ್ತೆಯ ಪಕ್ಕ ಕುಳಿತರು. ಮೂರು ದಿನದಲ್ಲಿ ಯಮನೂರಪ್ಪ ಗ್ಯಾನಪ್ಪನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ.

"ಅಕೀದು ಯಾವ ಮಾತಿತ್ತಲೇ?" ಎಂದ.

"ಯಾವುದು?"

"ಆ ಆರರಾಗ. ಅಕೀದು."

"ತ್ರಬಜಾಬ. ದುಡೀತಿದ್ಲು."

"ಹೆಸರು ಹೇಳಬೇಕು ಅಂದಿದ್ದಿ. ಇಲ್ಲಂದ್ರ ಯಾರಂತ ತಿಳಿಯಂಗಿಲ್ಲ ಅಂದಿದ್ದಿ."

"ಗದ್ದೆಮ್ಮ ತ್ರಬಜಾಬ."

ಬಸ್ಸು ಬಂತು. ಯಮನೂರಪ್ಪ ಮುಂದಿನ ಬಾಗಿಲಿನಿಂದ ಹತ್ತಿದ, ಗ್ಯಾನಪ್ಪ ಹಿಂದಿನ ಬಾಗಿಲಿನಿಂದ. ಸಿಂಧನೂರಿನಲ್ಲಿ ಬೇರೆ ಬೇರೆಯಾಗಿ ಇಳಿದರು. ಬಿಳಿ ಅಂಗಿಯನ್ನು ಗ್ಯಾನಪ್ಪ ಅಂಗಡಿಯ ಗಲ್ಲೆಯ ಮೇಲಿಟ್ಟು ಬಂದ. ಮುಂದಿನ ವಾರ ಪಂಪು ಹೊತ್ತ, ಬೇರೆ ಗುಂಪಿನಲ್ಲಿ. ದಾದೇಸಾಬ ಅವನನ್ನು ಸೇರಿಸಿಕೊಳ್ಳಲಿಲ್ಲ.

ವಳಕಮದಿನ್ನಿಯಲ್ಲಿ ಒಂಬತ್ತರಲ್ಲಿ ಎಂಟು, ಬಳಗಾನೂರಿನಲ್ಲಿ ಎಂಟರಲ್ಲಿ ಐದು, ಮಸ್ಕಿಯಲ್ಲಿ ನಾಲ್ಕರಲ್ಲಿ ಎರಡು, ಸಂತೆಕಲ್ಲೂರಿನಲ್ಲಿ ಮೂರಕ್ಕೆ ಮೂರು. ಇಪ್ಪತ್ತನಾಲ್ಕು ಕ್ಯಾನಿನಲ್ಲಿ ಹದಿನೆಂಟು ಸಿಕ್ಕವು, ಆರು ಸಿಗಲಿಲ್ಲ. ಸತ್ತದ್ದು ಇಬ್ಬರು ಹೆಂಗಸರು, ಆರು ವರ್ಷದ ಒಂದು ಹುಡುಗಿ, ಒಂದು ಎಮ್ಮೆ, ನಾಲ್ಕು ಕೋಳಿ. ಸಿಗದ ಆರರ ಲೆಕ್ಕ ಇದರಲ್ಲಿ ಇಲ್ಲ.